ಮೊದಲ ಮಹಡಿಯ ಆಂಜನೇಯ

"ಈ ರಸ್ತೆಯಲ್ಲಿ ನಾನು ಕಣ್ಣು ಮುಚ್ಚಿಕೊಂಡು ಕಾರು ಓಡಿಸಬಲ್ಲೆ" ಎಂದು ಯಾರಾದರೂ ನಿಮ್ಮ ಮುಂದೆ ಜಂಬ ಕೊಚ್ಚಿಕೊಂಡರೆ ದಯವಿಟ್ಟು ನಂಬಿ. ಅವರು ಆಗಲೇ ಹಾಗೆ ಓಡಿಸುತ್ತಿರುತ್ತಾರೆ. ನಾನೂ ಇಪ್ಪತ್ತಾರು ವರ್ಷ ಹಾಗೇ ಓಡಿಸಿದವನು. ಸುಲ್ತಾನ್‌ಪೇಟೆಯಲ್ಲಿ ನನ್ನದೊಂದು ಲಗ್ನಪತ್ರಿಕೆಯ ಅಂಗಡಿ ಇದೆ. ಹನುಮಂತನಗರದ ಮನೆಯಿಂದ ಹೊರಟು, ಚಾಮರಾಜಪೇಟೆ ಹಾದು ಅಂಗಡಿಗೆ, ಸಂಜೆ ಮತ್ತೆ ಮನೆಗೆ. ಯಾವ ಗುಂಡಿ ಎಲ್ಲಿದೆ, ಯಾವ ಹಂಪು ಬಣ್ಣ ಕಳೆದುಕೊಂಡು ಹೊಂಚು ಹಾಕಿ ಕೂತಿದೆ, ಯಾವ ತಿರುವಿನಲ್ಲಿ ಯಾವ ಹಸು ಮಲಗಿರುತ್ತದೆ ಎಂಬುದೆಲ್ಲ ನನ್ನ ಕೈಕಾಲುಗಳಿಗೆ ಬಾಯಿಪಾಠವಾಗಿತ್ತು. ಕಣ್ಣಿಗೆ ಕೆಲಸವೇ ಇರಲಿಲ್ಲ. ಅದು ಹಾಜರಿ ಹಾಕಿ ಸುಮ್ಮನೆ ಕೂತಿರುತ್ತಿತ್ತು.

ನಮ್ಮ ಊರಿನಲ್ಲಿ ಗಾಡಿ ಓಡಿಸುವವರದ್ದೊಂದು ಪದ್ಧತಿಯಿದೆ. ದಾರಿಯಲ್ಲಿ ದೇವಸ್ಥಾನ ಬಂದರೆ ಇಳಿದು ಹೋಗುವಷ್ಟು ಭಕ್ತಿಯಿಲ್ಲ, ಸುಮ್ಮನೆ ದಾಟಿ ಹೋಗುವಷ್ಟು ಧೈರ್ಯವೂ ಇಲ್ಲ. ಅದಕ್ಕೆ ಬಲಗೈಯನ್ನು ಹಣೆಗೆ, ಎದೆಗೆ, ತುಟಿಗೆ ಸರಕ್ಕನೆ ಮುಟ್ಟಿಸಿ ಮತ್ತೆ ಸ್ಟೇರಿಂಗಿಗೆ ತರುವುದು. ಅಷ್ಟು ಮಾಡಿದರೆ ನಾವು ಗುಡಿಗೆ ಬಂದ ಲೆಕ್ಕಕ್ಕೆ ದೇವರು ಹಿಡಿಯುತ್ತಾನೆ ಎಂದು ನಂಬಿಕೆ. ಪದ್ಧತಿ ಸುಲಭವೇನಲ್ಲ. ನಮ್ಮ ದೊಡ್ಡಪ್ಪನಿಗೆ ಒಂದೇ ಕೈಯಲ್ಲಿ ಮುಗಿಯುವುದು ಅಪಚಾರ ಎಂದು ತೋರುತ್ತಿತ್ತು. ನನ್ನ ಸ್ಕೂಟರಿನ ಹಿಂದೆ ಕೂತಾಗಲೂ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿಬಿಡುತ್ತಿದ್ದರು. ಒಂದು ಸಲ ಮಾವಳ್ಳಿಯಲ್ಲಿ ಹತ್ತಿದವರು ಬಸವನಗುಡಿಯಲ್ಲಿ ನೋಡಿದರೆ ಇರಲಿಲ್ಲ. ಆಮೇಲೆ ಆಟೋದಲ್ಲಿ ಬಂದು, ಮೊಣಕೈಗೆ ಅರಿಸಿನ ಮೆತ್ತಿಕೊಂಡು, ದೇವಸ್ಥಾನದ ಮುಂದೆ ನಿಧಾನ ಮಾಡಬೇಕು ಅನ್ನೋ ಬುದ್ಧಿ ಇಲ್ಲವೇ ಎಂದು ನನ್ನನ್ನೇ ಬೈದರು.

ನನ್ನ ದಾರಿಯಲ್ಲಿ ಒಟ್ಟು ಒಂಬತ್ತು ದೇವರುಗಳು. ಅವರಲ್ಲಿ ಎಂಟು ಮಂದಿಗೆ ಬರೀ ನಮಸ್ಕಾರ. ಒಂಬತ್ತನೆಯವನಾದ ಚಾಮರಾಜಪೇಟೆಯ ಸಿಗ್ನಲ್ಲಿನ ಆಂಜನೇಯನಿಗೆ ಮಾತ್ರ ನಮಸ್ಕಾರದ ಜೊತೆಗೆ ಅಹವಾಲೂ ಸಲ್ಲುತ್ತಿತ್ತು, ಏಕೆಂದರೆ ಆ ಸಿಗ್ನಲ್ಲು ಬಹಳ ಉದ್ದ. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಲ್ಲಿ ನಿಂತಿದ್ದಾಗ, ಮುಂದಿದ್ದ ಹಳದಿ ಹೆಲ್ಮೆಟ್ಟಿನ ಸ್ಕೂಟರಿನವರೊಬ್ಬರು ಎಡಕ್ಕೆ ಕತ್ತೆತ್ತಿ, ಕಣ್ಣು ಮುಚ್ಚಿ, ಎದೆ ತುಟಿ ಮುಟ್ಟಿಕೊಂಡರು. ನಾನೂ ಕತ್ತೆತ್ತಿದೆ. ಹೊಂಗೆ ಮರದ ಕೊಂಬೆಗಳ ನಡುವೆ, ಮೊದಲ ಮಹಡಿಯ ಎತ್ತರದಲ್ಲಿ, ಸಿಂಧೂರ ಬಣ್ಣದ ದೊಡ್ಡ ಮೈ ಕಾಣಿಸಿತು. ಅದರ ಬಲಗೈ ಮೇಲಕ್ಕೆತ್ತಿತ್ತು, ಕೈಯಲ್ಲಿ ಗದೆ. ಗೋಪುರ ಕಾಣಲಿಲ್ಲ. ಆದರೆ ಈ ಊರಿನಲ್ಲಿ ಜಾಗಕ್ಕಿರುವ ಬೆಲೆಗೆ ದೇವರೂ ಮಹಡಿಗೆ ಹೋಗಿದ್ದರೆ ಆಶ್ಚರ್ಯವಿಲ್ಲ ಎಂದುಕೊಂಡು ಕೈ ಮುಗಿದೆ. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಕಣ್ಣು ಮುಚ್ಚಿ ಹೆಂಡತಿಯ ಮಂಡಿನೋವು, ಅಂಗಡಿಯ ವ್ಯಾಪಾರ, ಪಕ್ಕದ ಅಂಗಡಿಯವನ ವ್ಯಾಪಾರ ಸ್ವಲ್ಪ ಕಮ್ಮಿಯಾಗುವುದು, ಹೀಗೆ ಎಲ್ಲವನ್ನೂ ಅವನ ಮುಂದಿಡುತ್ತಿದ್ದೆ. ನೀವು ಗಮನಿಸಿರಬಹುದು, ದೇವರು ಎದುರಿಗೆ ಬಂದ ಕೂಡಲೇ ಕಣ್ಣು ಮುಚ್ಚುವ ಜನ ನಾವು.

ಹೀಗಿರುವಾಗ ಅಂಗಡಿಯಲ್ಲಿ ಒಂದು ಅನಾಹುತವಾಯಿತು. ಒಂದು ಮದುವೆಯ ಪತ್ರಿಕೆಯ ಮೇಲೆ ಗಣಪತಿಯನ್ನು ತಲೆಕೆಳಗಾಗಿ ಅಚ್ಚು ಹಾಕಿದ್ದರು. ಮಾದರಿ ಪ್ರತಿ ನೋಡಿ "ಸರಿಯಿದೆ" ಎಂದು ರುಜು ಹಾಕಿದವನು ನಾನೇ. ಹುಡುಗಿಯ ತಂದೆ ಪತ್ರಿಕೆಗಳನ್ನು ಮೇಜಿನ ಮೇಲಿಟ್ಟು, ಒಂದನ್ನು ನನ್ನ ಕಣ್ಣಿನ ಹತ್ತಿರ ಹಿಡಿದರು. ನಾನು ಆಗಲೂ ಚೆನ್ನಾಗಿ ಬಂದಿದೆ ಎಂದೆ. ಆ ಸಂಜೆಯೇ ನನ್ನ ಹೆಂಡತಿ ಜಯಾ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಆ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಪೊರೆ ಚೆನ್ನಾಗಿ ಬಲಿತಿದೆ ಎಂದರು. ನಾನು ಕಾರಿನಲ್ಲಿ ಬಂದೆ ಎಂದು ಗೊತ್ತಾದಾಗ ಮಾತ್ರ ಅವರ ಮುಖ ಬದಲಾಯಿತು.

"ಅಂಕಲ್, ಇಷ್ಟು ದಿನ ನೀವೇ ಓಡಿಸ್ತಿದ್ರಾ?"

ರಸ್ತೆ ಪರಿಚಯದ್ದು ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಓದುವುದು, ಬಣ್ಣ ನೋಡುವುದು, ಕಾಗದದ ಹೊಳಪು ನೋಡುವುದು ಬಿಟ್ಟರೆ ನನಗೆ ಬೇರೆ ಕಸುಬು ಗೊತ್ತಿಲ್ಲ. ಹೊರಗೆ ಮಾತ್ರ ಇದೇನು ಮಹಾ ಎಂದು ನಗುತ್ತಿದ್ದೆ. ಜಯಾ ನನ್ನ ನಗುವನ್ನು ನಂಬಲಿಲ್ಲ. ಅವಳು ದೇವರ ಮನೆಗೆ ಹೋಗಿ ಬಂದು, ನಾನು ದಿನಾ ಕೈ ಮುಗಿಯುವ ಚಾಮರಾಜಪೇಟೆಯ ಆಂಜನೇಯನಿಗೇ ತಾನು ಹರಕೆ ಹೊತ್ತಿರುವುದಾಗಿ ಹೇಳಿದಳು. ಕಣ್ಣು ಸರಿಹೋದರೆ ಒಂದು ಶನಿವಾರ ನೂರೆಂಟು ವಡೆಯ ಸರ, ಆಮೇಲೆ ನಲವತ್ತೆಂಟು ದಿನ ಪ್ರದಕ್ಷಿಣೆ. ಪ್ರದಕ್ಷಿಣೆ ಯಾರು ಹಾಕುವುದು ಎಂದು ಕೇಳಿದೆ. ಕಣ್ಣು ಯಾರದ್ದೋ ಅವರು ಎಂದಳು. ನಮ್ಮ ಸಂಸಾರದಲ್ಲಿ ಹರಕೆ ಯಾವಾಗಲೂ ಅವಳದ್ದು, ಕಾಲು ನನ್ನವು.

ಆಪರೇಷನ್ನು ಸಲೀಸಾಗಿ ಆಯಿತು. ಒಂದು ತಿಂಗಳು ಸ್ಟೇರಿಂಗು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದು ನನಗಿಂತ ಮೊದಲು ಜಯಾಳಿಗೆ ಕೇಳಿಸಿತು. ಅವಳು ಡ್ರೈವಿಂಗ್ ಶಾಲೆಗೆ ಹೋಗಿ ಲೈಸೆನ್ಸು ತೆಗೆದುಕೊಂಡು ಆರು ವರ್ಷವಾಗಿತ್ತು. ಆರು ವರ್ಷದಿಂದಲೂ ನಾನು, ಮುಂದಿನ ಭಾನುವಾರ ಕಾರು ಕೊಡುತ್ತೇನೆ ಎನ್ನುತ್ತಿದ್ದೆ. ಈಗ ಕಪ್ಪು ಕನ್ನಡಕ ಹಾಕಿಕೊಂಡು ಎಡಗಡೆಯ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ತುಳಿಯುತ್ತ ಅಂಗಡಿಗೆ ಹೊರಟೆ. ಆಗ ಕಂಡಿತು ನೋಡಿ ನನ್ನ ರಸ್ತೆ. ಬೂದು ಬಣ್ಣದ್ದು ಎಂದುಕೊಂಡಿದ್ದ ಮೂಲೆಮನೆ ಅಚ್ಚ ನೀಲಿ. ಹಳೇ ಸೈಕಲ್ ಶಾಪ್ ಇದ್ದ ಜಾಗದಲ್ಲಿ ಮಕ್ಕಳ ಹಲ್ಲಿನ ಆಸ್ಪತ್ರೆ. ಅದೇ ಸೈಕಲ್ ಶಾಪಿನ ಗುರುತು ಹೇಳಿ ನಾನು ಎಷ್ಟು ಜನಕ್ಕೆ ದಾರಿ ತೋರಿಸಿದ್ದೆನೋ, ಅವರೆಲ್ಲ ಈಗ ಎಲ್ಲಿದ್ದಾರೋ. ಹೂವಿನ ಅಂಗಡಿಯಲ್ಲಿ ಕೂರುತ್ತಿದ್ದ ಹುಡುಗಿಗೆ ತಲೆ ನೆರೆತಿತ್ತು. ಯಾವಾಗ ಆಯ್ತು ಇದೆಲ್ಲ ಎಂದು ಜಯಾಳನ್ನು ಕೇಳಿದರೆ, ತನಗೆ ಎಲ್ಲ ಗೊತ್ತಿದೆ, ಬಸ್ಸಿನಲ್ಲಿ ಓಡಾಡುವವರಿಗೆ ನೋಡುವುದು ಬಿಟ್ಟು ಬೇರೆ ಕೆಲಸ ಏನಿರುತ್ತದೆ ಎಂದಳು. ನಾನು ಇಲ್ಲದ ಬ್ರೇಕನ್ನು ಇನ್ನೊಮ್ಮೆ ತುಳಿದೆ.

ಚಾಮರಾಜಪೇಟೆಯ ಸಿಗ್ನಲ್ಲು ಬಂತು. ಅವಳ ಬಸ್ಸು ಈ ಸಿಗ್ನಲ್ಲಿಗೆ ಬರುವುದಿಲ್ಲ, ಇಲ್ಲಿಯ ಆಂಜನೇಯನ ವಿಷಯ ಅವಳು ನನ್ನ ಬಾಯಿಂದ ಕೇಳಿದ್ದಷ್ಟೆ. ಜಯಾ ಎರಡು ಕೈಯಲ್ಲೂ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು, ಕೆಂಪು ದೀಪದಿಂದ ಕಣ್ಣು ತೆಗೆಯದೆ, "ರೀ, ನಿಮ್ಮ ಆಂಜನೇಯ ಬಂದ. ನನ್ನ ಪರವಾಗೂ ಕೈ ಮುಗೀರಿ" ಎಂದಳು. ನಾನು ಕತ್ತೆತ್ತಿದೆ. ಕರೆಂಟಿನವರು ಹೊಂಗೆ ಮರದ ಕೊಂಬೆ ಕಡಿದಿದ್ದರು, ಡಾಕ್ಟರು ನನ್ನ ಪೊರೆ ತೆಗೆದಿದ್ದರು, ಮಧ್ಯೆ ಅಡ್ಡಿ ಏನೂ ಇರಲಿಲ್ಲ. ಅದೊಂದು ಜಿಮ್ಮಿನ ಬೋರ್ಡು. ಕಿತ್ತಲೆ ಬಣ್ಣದ ಚಡ್ಡಿ ಬನಿಯನ್ನು ಹಾಕಿ, ಮೈಗೆಲ್ಲ ಎಣ್ಣೆ ಬಳಿದುಕೊಂಡ ದಾಂಡಿಗನೊಬ್ಬ ಬಲಗೈಯಲ್ಲಿ ಡಂಬೆಲ್ ಎತ್ತಿ ನಗುತ್ತಿದ್ದ. ಮೇಲೆತ್ತಿದ ನನ್ನ ಕೈ ಹಣೆಯ ಹತ್ತಿರವೇ ನಿಂತಿತು. ಕೊನೆಗೆ ತಲೆ ಕೆರೆದುಕೊಂಡು ಕೆಳಗಿಳಿಸಿದೆ.

ಶನಿವಾರಕ್ಕೆ ನಾಲ್ಕು ದಿನವಿತ್ತು, ಜಯಾ ಆಗಲೇ ಉದ್ದಿನಬೇಳೆ ತರಿಸಿದ್ದಳು. ನಾನು ಮೆಲ್ಲಗೆ, ನಮ್ಮ ಬಡಾವಣೆಯಲ್ಲೇ ಬೇಕಾದಷ್ಟು ಆಂಜನೇಯರಿದ್ದಾರಲ್ಲ, ಅಷ್ಟು ದೂರ ವಡೆ ಹೊತ್ತುಕೊಂಡು ಹೋಗುವುದು ಯಾಕೆ ಎಂದು ಕೇಳಿ ನೋಡಿದೆ. ಹೊತ್ತದ್ದು ಒಬ್ಬನಿಗೆ, ತೀರಿಸುವುದು ಇನ್ನೊಬ್ಬನಿಗೋ ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅವಳಿಗೆ ದೊಡ್ಡ ಸುಳ್ಳು ಹೇಳಿದವನಲ್ಲ, ಸಣ್ಣವುಗಳನ್ನು ಬಿಡಿ. ಆದರೆ ಹನ್ನೊಂದು ವರ್ಷದಿಂದ ಬನಿಯನ್ನು ಹಾಕಿದ ದಾಂಡಿಗನಿಗೆ ಕೈ ಮುಗಿಯುತ್ತಿದ್ದೆ ಎಂದು ಹೇಗೆ ಹೇಳುವುದು? ನನ್ನ ಕಣ್ಣಿಗಾಗಿ ಅವಳು ನಿಜವಾಗಿ ಬೇಡಿಕೊಂಡಿದ್ದಳು. ಅದೆಲ್ಲ ನಗೆಪಾಟಲಾಗುತ್ತದಲ್ಲ. ಕೊನೆಗೆ ಶುಕ್ರವಾರ ಅಂಗಡಿಯಿಂದ ಆಟೋ ಹಿಡಿದು, ಒಬ್ಬನೇ ಹೋಗಿ ಆ ಮಹಡಿ ಹತ್ತಿದೆ.

ಜಿಮ್ಮಿನ ಮಾಲೀಕರ ಹೆಸರು ಮುನಿರಾಜು. ಐವತ್ತರ ಆಸುಪಾಸು, ಒಳ್ಳೆಯ ಹೊಟ್ಟೆ ಬಂದಿತ್ತು. ನನ್ನ ಕತೆ ಕೇಳಿ ಅವರು ನಗಲಿಲ್ಲ. ಬೋರ್ಡಿನಲ್ಲಿರುವುದು ತಾವೇ, ಹನ್ನೆರಡು ವರ್ಷದ ಹಿಂದಿನ ಫೋಟೋ ಎಂದು ಸಂಕೋಚದಿಂದ ಹೇಳಿದರು. ಅಂದರೆ ನನ್ನ ಅಹವಾಲುಗಳನ್ನೆಲ್ಲ ಸ್ವೀಕರಿಸಿದವರು ಎದುರಿಗೇ ನಿಂತು ಟವೆಲ್ಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದರು.

"ನೀವೊಬ್ರೇ ಅಲ್ಲ ಸಾರ್. ಸಿಗ್ನಲ್ ಬಿದ್ದಾಗೆಲ್ಲ ಏಳೆಂಟು ಜನ ಮುಗೀತಾರೆ. ನಮ್ ತಾತ ದೊಡ್ಡ ಪೈಲ್ವಾನ್ರು, ಆ ಮರ್ಯಾದೆಗೆ ಅನ್ಕೊಂಡಿದ್ದೆ."

ಆಮೇಲೆ ಅವರು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಇಲ್ಲಿ ಮೊದಲು ಅವರ ತಾತನ ಗರಡಿ ಮನೆ ಇತ್ತಂತೆ. ಅದನ್ನು ಕೆಡವಿ ಕಟ್ಟಡ ಕಟ್ಟಿದಾಗ ನೆಲಮಾಳಿಗೆಯನ್ನೂ ಕೆಳಗಿನ ಅಂಗಡಿಗಳನ್ನೂ ಬಾಡಿಗೆಗೆ ಬಿಟ್ಟು, ತಾವೂ ಗರಡಿಯ ದೇವರೂ ಮೇಲಕ್ಕೆ ಬಂದರಂತೆ. ಮೂಲೆಯ ಗೋಡೆಯ ಗೂಡಿನಲ್ಲಿ, ಕಬ್ಬಿಣದ ತಟ್ಟೆಗಳ ರಾಶಿಯ ಹಿಂದೆ, ಮೊಳದುದ್ದದ ಕಲ್ಲಿನ ಆಂಜನೇಯ ಕೂತಿದ್ದ. ಮೈಗೆ ನಿಜವಾದ ಸಿಂಧೂರ. ಬೋರ್ಡಿನಿಂದ ಸರಿಯಾಗಿ ಎಂಟು ಹೆಜ್ಜೆ. ಹುಡುಗರು ಯಾರೂ ಇವನ ಕಡೆ ತಿರುಗುವುದಿಲ್ಲ, ಕನ್ನಡಿಯಲ್ಲಿ ತಮ್ಮ ದರ್ಶನ ಮಾಡಿಕೊಂಡೇ ಹೋಗುತ್ತಾರೆ ಎಂದು ಮುನಿರಾಜು ಬೇಜಾರು ಮಾಡಿಕೊಂಡರು. ನಾನು ಕಣ್ಣು ತೆರೆದುಕೊಂಡೇ ಕೈ ಮುಗಿದೆ. ಹೋದ ಜೀವ ಬಂದ ಹಾಗಾಯಿತು.

ಶನಿವಾರ ಜಯಾ ವಡೆಯ ಸರವನ್ನು ಹರಿವಾಣದಲ್ಲಿಟ್ಟು ನನ್ನ ತೊಡೆಯ ಮೇಲೆ ಹೇರಿ, ಕಾರು ಓಡಿಸಿಕೊಂಡು ಬಂದಳು. ದೇವಸ್ಥಾನ ಸ್ವಲ್ಪ ಮೇಲಿದೆ ಎಂದಷ್ಟೇ ಹೇಳಿದ್ದೆ. ಕಾರಿನಿಂದ ಇಳಿದು ಅವಳು ಮೇಲೆ ನೋಡಿದಳು. ಅವಳ ಕಣ್ಣು ಮೊದಲಿನಿಂದಲೂ ಚೆನ್ನಾಗಿದೆ. ನಾನು ಅವಸರವಾಗಿ, ಇವನಿಗಲ್ಲ, ಇವನ ಹಿಂದೆ ಒಳಗಿರುವವನಿಗೆ ಎಂದು ಪೂರ್ತಿ ಕತೆ ಹೇಳಿಬಿಟ್ಟೆ. ಅವಳು ಬೋರ್ಡನ್ನೇ ನೋಡುತ್ತ ನಿಂತಳು.

"ಹನ್ನೊಂದು ವರ್ಷ ನನ್ನ ಮಂಡಿನೋವು ವಾಸಿಯಾಗ್ಲಿ ಅಂತ ಇವನ ಹತ್ರ ಕೇಳ್ಕೊಂಡ್ರಾ?"

ಹೌದು ಎಂದೆ.

"ಅದಕ್ಕೇ ವಾಸಿಯಾಗಿಲ್ಲ," ಎಂದು ಹೇಳಿ ಅದೇ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಅರ್ಧ ಹತ್ತಿದ ಮೇಲೆ ನಗು ತಡೆಯಲಾಗದೆ ಕಂಬಿ ಹಿಡಿದು ನಿಂತುಬಿಟ್ಟಳು. ಅವಳು ನಕ್ಕದ್ದು ನನಗೆ ಆಪರೇಷನ್ನಿಗಿಂತ ದೊಡ್ಡ ಸಮಾಧಾನ ಕೊಟ್ಟಿತು.

ಪೂಜೆ ಚೆನ್ನಾಗಿ ಆಯಿತು. ಸರ ದೇವರಿಗಿಂತ ಉದ್ದವಾಗಿದ್ದರಿಂದ ಮಿಕ್ಕದ್ದನ್ನು ಡಂಬೆಲ್ಲುಗಳಿಗೆ ಸುತ್ತಿದೆವು. ಪ್ರಸಾದ ಹಂಚಲು ಹೋದರೆ ಆ ಹುಡುಗರು, ಕರಿದದ್ದು ತಿನ್ನೋದಿಲ್ಲ ಆಂಟಿ, ಡಯಟ್ಟು ಎಂದರು. ಪ್ರಸಾದಕ್ಕೆ ಡಯಟ್ಟಿಲ್ಲ ಎಂದು ಜಯಾ ತಟ್ಟೆಯನ್ನು ಅಲ್ಲೇ ಇಟ್ಟು ಬೆನ್ನು ತಿರುಗಿಸಿದಳು. ಕಾಲು ಗಂಟೆಯಲ್ಲಿ ದಾರ ಮಾತ್ರ ಉಳಿದಿತ್ತು. ಇನ್ನು ಉಳಿದದ್ದು ಪ್ರದಕ್ಷಿಣೆ. ದೇವರು ಗೋಡೆಯ ಗೂಡಿನಲ್ಲಿರುವುದರಿಂದ ಸುತ್ತು ಬರಲು ಜಾಗವಿಲ್ಲ, ಹಾಗಾಗಿ ಹರಕೆಯ ಆ ಭಾಗ ತಾನಾಗಿಯೇ ರದ್ದಾಯಿತು ಎಂದು ನಾನು ಬಹಳ ವಿಷಾದದಿಂದ ಹೇಳಿದೆ. ಜಯಾ ಸುತ್ತಲೂ ನೋಡಿ, ನಿಂತಲ್ಲೇ ನಡೆಯುವ ಟ್ರೆಡ್‌ಮಿಲ್ಲಿನ ಕಡೆ ಕೈ ತೋರಿಸಿದಳು. ದೇವರನ್ನು ಸುತ್ತಲು ಆಗದಿದ್ದರೆ ದೇವರ ಮುಂದೆ ನಡೆದರಾಯಿತು, ನಡಿಗೆ ನಡಿಗೆಯೇ ಎಂದಳು. ಮುನಿರಾಜು ಬಹಳ ಸಂತೋಷಪಟ್ಟು ನನಗೆ ಜಿಮ್ಮಿನ ಟೀ ಶರ್ಟು ಕೊಟ್ಟರು. ಅದರ ಬಣ್ಣ ಕಿತ್ತಲೆ.

ಡಾಕ್ಟರು ಹೇಳಿದ ತಿಂಗಳು ಮುಗಿದ ಮೇಲೆ ಹರಕೆಯ ನಲವತ್ತೆಂಟು ದಿನ ಶುರುವಾಯಿತು. ಇವತ್ತಿಗೆ ಹತ್ತೊಂಬತ್ತು. ಕಾರು ಓಡಿಸಬಹುದು ಎಂದು ಡಾಕ್ಟರು ಹೇಳಿದ್ದಾರೆ, ಆದರೆ ಕಾರಿನ ಬೀಗದಕೈ ಈಗ ಜಯಾಳ ಬ್ಯಾಗಿನಲ್ಲಿರುತ್ತದೆ. ಬೆಳಿಗ್ಗೆ ನನ್ನನ್ನು ಇಲ್ಲಿ ಇಳಿಸಿ ಅವಳು ಅಂಗಡಿ ತೆಗೆಯಲು ಹೋಗುತ್ತಾಳೆ. ನಾನು ಬೆಲ್ಟಿನ ಮೇಲೆ ನಡೆಯುತ್ತೇನೆ. ಇಪ್ಪತ್ತಾರು ವರ್ಷ ನೋಡದೆ ಓಡಾಡಿದ ರಸ್ತೆಯನ್ನು ಈಗ ಎಲ್ಲೂ ಹೋಗದೆ ನೋಡುತ್ತಿದ್ದೇನೆ. ಜನ ತಮಗೆ ಕೈ ಮುಗಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಹೆದರಿ ಮುನಿರಾಜು ಹೋದ ವಾರ ಆ ಬೋರ್ಡು ಇಳಿಸಿಬಿಟ್ಟರು. ಬೋರ್ಡಿನ ಹಿಂದೆ ದೊಡ್ಡ ಕಿಟಕಿಯಿತ್ತು. ಬೆಳಕು ಚೆನ್ನಾಗಿದೆ ಎಂದು ನನ್ನ ಟ್ರೆಡ್‌ಮಿಲ್ಲನ್ನು ಆ ಕಿಟಕಿಗೇ ತಂದು ಹಾಕಿದ್ದಾರೆ.

ಇವತ್ತು ಬೆಳಿಗ್ಗೆ ಜಿಮ್ಮಿನ ಟೀ ಶರ್ಟಿನಲ್ಲಿ ನಡೆಯುತ್ತಿದ್ದವನು ಬಾಯಾರಿ, ನಡೆಯುತ್ತಲೇ ಬಲಗೈಯಲ್ಲಿ ನೀರಿನ ಬಾಟಲಿ ಮೇಲೆತ್ತಿದ್ದೆ. ಕೆಳಗೆ ಸಿಗ್ನಲ್ಲು ಬಿತ್ತು. ಹಳದಿ ಹೆಲ್ಮೆಟ್ಟಿನ ಆ ಸ್ಕೂಟರು ಬಂದು ನಿಂತಿತು. ಅವರು ಕತ್ತೆತ್ತಿ ನನ್ನನ್ನೇ ನೋಡಿ, ಕಣ್ಣು ಮುಚ್ಚಿ, ಹಣೆ ಎದೆ ತುಟಿ ಮುಟ್ಟಿಕೊಂಡರು. ತುಟಿ ಅಲ್ಲಾಡುತ್ತಿತ್ತು, ಏನೋ ಬೇಡಿಕೊಳ್ಳುತ್ತಿದ್ದರು. ಕೂಗಿ ಹೇಳೋಣವೆಂದರೆ ಬಾಯಿ ತುಂಬ ನೀರು, ಇಳಿದು ಓಡೋಣವೆಂದರೆ ಬೆಲ್ಟು ನಿಲ್ಲಿಸುವುದು ನನಗೆ ಇನ್ನೂ ಬರುವುದಿಲ್ಲ. ಅಷ್ಟು ಭಕ್ತಿಯಿಂದ ಕೇಳುತ್ತಿರುವವರಿಗೆ ಏನಾದರೂ ಕೊಡಬೇಕು ಎಂದು ನನಗೆ ಮನಸಾರೆ ಅನ್ನಿಸಿತು. ಕೊಡಲು ನನ್ನ ಹತ್ತಿರ ಇದ್ದದ್ದು ಕಣ್ಣಿನ ಡಾಕ್ಟರ ವಿಳಾಸವೊಂದೇ.