ಟಿಬಿಟ್ ಸಾಹೇಬರ ಮರದ ರೋಲ್ಸ್

ಇಷ್ಟಕ್ಕೆಲ್ಲ ಮೂಲ ಮಿಸ್ ಡಾಕೆಟ್ ಚಹಾ ಕುಡಿಯುತ್ತ ಆಡಿದ ಒಂದು ಮಾತು.

‘ಮಿಸೆಸ್ ಕಾರ್ಬಿ ಬೇಟೆ ಆಡೋ ಮನೆತನದ ಹೆಣ್ಣು ಕಣ್ರೀ ಟಿಬಿಟ್ ಅವರೇ. ಅಂಥೋರನ್ನ ಆ ಕಪ್ಪು ಡಬ್ಬಿ ಕಾರಲ್ಲಿ ಕರ್ಕೊಂಡು ಹೋಗ್ತೀರಾ? ಬೇಟೆಗೆ ಹೋಗೋರ ಹತ್ರ ಇರೋದು ಮರದ ಮೈಯ ಗಾಡಿ. ಹಿಂದೆ ನಾಯಿ, ಕೋವಿ, ಊಟದ ಬುಟ್ಟಿ ಎಲ್ಲಾ ಹಿಡಿಸ್ಬೇಕು. ಕಾರಿನ ಮೈ ಬದಲಾಯಿಸಿ ನೋಡಿ, ವರ್ಷದೊಳಗೆ ಮದುವೆ ಆಗ್ದಿದ್ರೆ ಬಂದು ನನ್ನ ಕೇಳಿ!’

ಮಿಸ್ ಡಾಕೆಟ್ ನಮ್ಮ ನೆದರ್ ಕೋಂಬ್ ಹಳ್ಳಿಯ ಪಾದ್ರಿಗಳ ಅಕ್ಕ. ಚರ್ಚಿನ ಹೂವು, ಚರ್ಚಿನ ಚಹಾ ಮತ್ತು ಊರಿನವರ ಮದುವೆ, ಈ ಮೂರೂ ಖಾತೆ ಅವರ ಕೈಯಲ್ಲಿದ್ದವು. ತಮ್ಮ ಮದುವೆಯೊಂದಕ್ಕೆ ಮಾತ್ರ ಪುರುಸೊತ್ತಾಗಿರಲಿಲ್ಲ.

ಹೊರೇಸ್ ಟಿಬಿಟ್ ಅವರು ಬಾತ್ ಪಟ್ಟಣದಲ್ಲಿ ಮೂವತ್ತು ವರ್ಷ ಟೋಪಿ ಮಾರಿ, ಅಂಗಡಿ ಕೊಟ್ಟುಬಿಟ್ಟು, ಹಳ್ಳಿಯ ದೊಡ್ಡಮನುಷ್ಯರಾಗಬೇಕೆಂದು ನಮ್ಮೂರಿಗೆ ಬಂದವರು. ಬಂದವರೇ ಹರಾಜಿನಲ್ಲಿ ಒಂದು ಹಳೆಯ ಕಪ್ಪು ರೋಲ್ಸ್ ಹಿಡಿದರು. ಯುದ್ಧ ಮುಗಿದ ಹೊಸತು, ಪೆಟ್ರೋಲಿಗೆ ಕೂಪನ್ ಇದ್ದ ಕಾಲ. ಅಂಥ ಹೊಟ್ಟೆಬಾಕ ಕಾರನ್ನು ಬುದ್ಧಿ ಇದ್ದವರಾರೂ ಕೊಳ್ಳುತ್ತಿರಲಿಲ್ಲ, ಹಾಗಾಗಿ ಅಗ್ಗಕ್ಕೆ ಸಿಕ್ಕಿತು. ಪ್ರತಿ ಭಾನುವಾರ ಅದರಲ್ಲಿ ಕೂತು ಮೇಜರ್ ಕಾರ್ಬಿಯ ವಿಧವೆ ಲವಿನಿಯಾ ಅವರ ಮನೆಮುಂದೆ ಹಾದುಹೋಗುವರು. ಆಕೆ ಗೇಟಿನಲ್ಲಿ ನಿಂತು, ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕಣ್ಣು ಮಿಟುಕಿಸದೆ ನೋಡುವರು. ಒಮ್ಮೊಮ್ಮೆ ಕಣ್ಣು ಒರೆಸಿಕೊಳ್ಳುವುದೂ ಇತ್ತು.

‘ನನ್ನ ಅಂಗಡೀಲಿ ಏಳು ಕನ್ನಡಿ ಇದ್ದವು, ಒಂದಕ್ಕೂ ನನ್ನ ಮೇಲೆ ಒಳ್ಳೆ ಅಭಿಪ್ರಾಯ ಇರ್ಲಿಲ್ಲ’ ಎಂದು ಟಿಬಿಟ್ ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ಆದರೂ ಹೆಂಗಸೊಬ್ಬಳು ಭಾನುವಾರ ತಪ್ಪದೆ ಕಣ್ತುಂಬಿ ನೋಡುತ್ತಿದ್ದರೆ, ನೋಡುತ್ತಿರುವುದು ಕಾರನ್ನು ಎಂದು ಯಾವ ಗಂಡಸಿಗೆ ಹೊಳೆದೀತು? ಪೆಟ್ರೋಲಿನ ಕೂಪನ್ ರದ್ದಾದ ವರ್ಷ ಅವರ ಧೈರ್ಯವೂ ಬಿಗಿ ಸಡಿಲಿಸಿಕೊಂಡಿತು. ಉಂಗುರ ಕೊಂಡರು. ಕಾರನ್ನು ಜೆತ್ರೋ ಸ್ಪ್ರಾಟನ ಅಂಗಳಕ್ಕೆ ಒಯ್ದರು.

ಸ್ಪ್ರಾಟ್ ನಮ್ಮೂರಿಗೆ ಇದ್ದೊಬ್ಬ ಬಡಗಿ. ತೊಟ್ಟಿಲಿನಿಂದ ಶವಪೆಟ್ಟಿಗೆಯವರೆಗೆ ಎಲ್ಲ ಅವನ ಕೈಯದೇ. ಹೆಂಡತಿ ತೀರಿಕೊಂಡ ಮೇಲೆ ಕೋಳಿಗಳ ಜೊತೆ ಮಾತಾಡುತ್ತ ಕಾಲ ಕಳೆಯುತ್ತಿದ್ದ. ದೊಡ್ಡ ಕಾರಿನ ತಗಡಿನ ಮೈ ಕಿತ್ತು ಮರದ ಮೈ ಕೂರಿಸುವುದು ಆಗ ಎಲ್ಲೆಡೆ ನಡೆದಿತ್ತು, ಅವನೇನೂ ಬೆಚ್ಚಲಿಲ್ಲ.

‘ಕಿತ್ತ ಮೈ ಏನ್ಮಾಡ್ಲಿ ಸಾರ್?’

‘ನೀನೇ ಇಟ್ಕೊ ಸ್ಪ್ರಾಟ್. ನನ್ನ ಕಣ್ಣಿಗೆ ಬೀಳ್ದಿದ್ರೆ ಸಾಕು.’

‘ಹಂಗಾದ್ರೆ ಕೋಳಿಗೂಡು ಮಾಡ್ಕೋತೀನಿ ಬಿಡಿ.’

ಅಕ್ಟೋಬರಿನ ಆ ಶನಿವಾರ ಬೆಳಿಗ್ಗೆ ಗಾಡಿ ಸಿದ್ಧವಾಗಿತ್ತು. ಜೇನಿನ ಬಣ್ಣದ ಮರ, ಉದ್ದನೆಯ ಮೈ, ಹಿಂದೆ ಅಗಲವಾದ ಬಾಗಿಲು, ಪಕ್ಕದ ಬಾಗಿಲುಗಳಿಗೆ ಥಳಥಳಿಸುವ ಹಿತ್ತಾಳೆಯ ಹಿಡಿಕೆ. ಅವತ್ತು ಬೆಟ್ಟದ ಬಂಗಲೆಯಲ್ಲಿ ಬೇಟೆಯವರಿಗೆ ಊಟ. ಲವಿನಿಯಾ ಬರಲು ಒಪ್ಪಿದ್ದರು. ದಾರಿಯಲ್ಲೇ ಉಂಗುರ ಕೊಡುವುದೆಂದು ಟಿಬಿಟ್ ನಿರ್ಧರಿಸಿದ್ದರು. ಇವತ್ತು ಕೇಳದಿದ್ದರೆ ಈ ಜನ್ಮದಲ್ಲಿ ಕೇಳಲಾರೆನೆಂದು ಅವರಿಗೆ ಗೊತ್ತಿತ್ತು.

‘ಹಿಡಿಕೆ ಬಲು ಚೆನ್ನಾಗಿದೆಯಲ್ಲೋ!’

‘ಯುದ್ಧ ಮುಗಿದ್ರೂ ಹಿತ್ತಾಳೆ ಸಿಗಲ್ಲ ಸಾರ್. ನನ್ನ ಹತ್ರ ಇದ್ದಿದ್ದು ಇದೊಂದೇ ಬಗೆ. ಗಟ್ಟಿ ಮಾಲು. ಬಳಸಿದೋರು ಇಲ್ಲೀತನಕ ಒಬ್ರೂ ದೂರು ಹೇಳಿಲ್ಲ.’ ಸ್ಪ್ರಾಟ್ ಬಟ್ಟೆಯಿಂದ ಬಾಗಿಲು ಉಜ್ಜಿದ. ‘ಮರ ಮಾತ್ರ ಸ್ವಲ್ಪ ಹಸಿ. ಮಳೆಗೆ ತೋರಿಸ್ಬೇಡಿ.’

ದಿನವೂ ಮಳೆ ಸುರಿಯುವ ನಮ್ಮ ದೇಶದಲ್ಲಿ ಕಾರನ್ನು ಮಳೆಗೆ ತೋರಿಸಬೇಡಿ ಎಂದರೆ ಮನೆಯೊಳಗೇ ಓಡಿಸಿ ಎಂದ ಹಾಗೆ. ಆದರೆ ಟಿಬಿಟ್ ಮನಸ್ಸು ಬೇರೆಲ್ಲೋ ಇತ್ತು.

‘ಮಿಸೆಸ್ ಕಾರ್ಬಿಯವರನ್ನ ಕೂರಿಸ್ಕೊಂಡು ಹೋಗ್ತಿದ್ದೀನಿ ಕಣೋ.’

‘ಗೊತ್ತು ಸಾರ್’ ಎಂದ ಸ್ಪ್ರಾಟ್, ತಲೆ ಎತ್ತದೆ. ‘ಥಂಡಿ ತಾಗ್ದಂಗೆ ನೋಡ್ಕೊಳ್ಳಿ.’

ಪಾದ್ರಿಗಳ ಮನೆಯ ಮುಂದೆ ಮಿಸ್ ಡಾಕೆಟ್ ಕೈ ಅಡ್ಡ ಹಿಡಿದು ನಿಂತಿದ್ದರು.

‘ದೇವರೇ ಕಳಿಸಿದ ಹಾಗೆ ಬಂದ್ರಿ! ನಾಳೆ ಸುಗ್ಗಿ ಪ್ರಾರ್ಥನೆ, ಹೂವೆಲ್ಲ ಚರ್ಚಿಗೆ ಹೋಗ್ಬೇಕು. ಮಿಸೆಸ್ ಕಾರ್ಬಿ ಮನೆ ಚರ್ಚಿನ ಎದುರೇ ತಾನೇ?’

ಬೇಡ ಎನ್ನುವಷ್ಟರಲ್ಲಿ ಬಿಳಿ ಸೇವಂತಿಗೆಯ ರಾಶಿ, ಗೋಧಿ ತೆನೆಯ ಕಂತೆ, ನಾಲ್ಕು ದೊಡ್ಡ ಕುಂಬಳಕಾಯಿ ಹಿಂಬದಿ ತುಂಬಿದವು.

‘ನಿಧಾನ ಹೋಗಿ, ಜೋರಾಗಿ ಹೋದ್ರೆ ದಳ ಉದುರುತ್ತೆ. ಆಮೇಲೆ ಒಂದು ವಿಷ್ಯ. ಮಿಸೆಸ್ ಕಾರ್ಬಿಗೆ ಈಚೆಗೆ ಮೊಟ್ಟೆ ಹುಚ್ಚು ಹಿಡಿದಿದೆ. ದಿನಾ ಸಂಜೆ ಸ್ಪ್ರಾಟ್ ಅಂಗಳಕ್ಕೆ ಮೊಟ್ಟೆ ತರೋಕೆ ಹೋದ್ರೆ ವಾಪಸ್ ಬರೋದು ಕತ್ತಲಾದ ಮೇಲೆ. ಅಷ್ಟೊಂದು ತಿಂದ್ರೆ ಪಿತ್ತ ಆಗುತ್ತೆ ಅಂತ ನೀವಾದ್ರೂ ಹೇಳಿ.’

ಮದುವೆಯಾದ ಮೇಲೆ ಹೇಳಿದರಾಯಿತು ಎಂದುಕೊಂಡು ಟಿಬಿಟ್ ಹೊಸ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ದಳ ಉದುರದ ಹಾಗೆ ಮೆಲ್ಲಗೆ ಹೊರಟರು.

ಮೊದಲು ಟೋಪಿ ತೆಗೆದವನು ರಸ್ತೆ ರಿಪೇರಿಯ ಮುದುಕ. ಗುದ್ದಲಿ ಕೆಳಗಿಟ್ಟು, ಟೋಪಿ ಎದೆಗೊತ್ತಿ, ತಲೆ ತಗ್ಗಿಸಿ ನಿಂತ. ಟಿಬಿಟ್ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಮೂವತ್ತು ವರ್ಷ ಊರಿಗೆಲ್ಲ ಟೋಪಿ ತೊಡಿಸಿದ್ದರೂ ಅವರಿಗಾಗಿ ಟೋಪಿ ತೆಗೆದವರು ಒಬ್ಬರೂ ಇರಲಿಲ್ಲ. ಮರದ ಕಾರಿನ ಮಹಿಮೆಯೇ ಬೇರೆ ಎಂದುಕೊಂಡರು. ಮುಂದೆ ಅಂಚೆಯವ ಸೈಕಲ್ಲಿನಿಂದ ಇಳಿದ. ಪೊಲೀಸ್ ಕಾನ್‌ಸ್ಟೇಬಲ್ ಕೈ ಚಾಚಿ ಬಸ್ಸನ್ನೇ ನಿಲ್ಲಿಸಿ ಸಲ್ಯೂಟ್ ಹೊಡೆದ. ಬಸ್ಸಿನವರೆಲ್ಲ ಎದ್ದು ನಿಂತರು. ಪಬ್ಬಿನಲ್ಲಿದ್ದವರು ಬಿಯರಿನ ಲೋಟ ಕೆಳಗಿಟ್ಟು ಹೊರಬಂದು ಗಾಡಿಯ ಹಿಂದೆ ಸಾಲುಗಟ್ಟಿದರು. ನಮ್ಮೂರಿನ ಗಂಡಸರು ಅರ್ಧ ಲೋಟ ಬಿಟ್ಟು ಬಂದರೆ ಸಂಗತಿ ಸಣ್ಣದಲ್ಲ. ಟಿಬಿಟ್ ಕಿಟಕಿಯ ಗಾಜು ಇಳಿಸಿದರು. ಆಗ ಮಾತು ಕಿವಿಗೆ ಬಿತ್ತು.

‘ಯಾರಪ್ಪಾ ಹೋಗಿದ್ದು?’

‘ಹೆಣದ ಗಾಡಿ ಬಂದಿದ್ದು ಟಿಬಿಟ್ ಮನೆ ಕಡೆಯಿಂದ. ಅವರೇ ಇರ್ಬೇಕು.’

‘ಅಯ್ಯೋ! ಮೊನ್ನೆ ಚೆನ್ನಾಗಿದ್ರಲ್ಲ!’

‘ಚೆನ್ನಾಗೇನ್ ಇರ್ಲಿಲ್ಲ ಬಿಡು, ಇದ್ರು ಅಷ್ಟೆ.’

‘ಪಾಪ, ಒಳ್ಳೆ ಮನುಷ್ಯ.’

‘ಬಾಯಿ ತೆಗೆಯೋವರೆಗೂ ಒಳ್ಳೆಯೋರೇ. ಒಂದ್ಸಲ ಟೋಪಿ ವಿಷ್ಯ ಎತ್ತಿದ್ರೆ ಮುಗೀತು ಕಥೆ.’

ಟಿಬಿಟ್ ಕಿಟಕಿಯಿಂದ ತಲೆ ಹೊರಹಾಕಿ ‘ನಾನು ಬದುಕಿದ್ದೀನ್ರಯ್ಯ!’ ಎಂದು ಕೂಗಿದರು. ಹುಬ್ಬು ಮುಚ್ಚಿದ ಟೋಪಿಯ ಕೆಳಗೆ ಅವರ ಗುರುತು ಯಾರಿಗೂ ಹತ್ತಲಿಲ್ಲ. ‘ಡ್ರೈವರ್, ಸತ್ತೋರ ಎದುರು ಕೂಗಾಡ್ಬೇಡಪ್ಪ, ಮರ್ಯಾದೆ ಇರ್ಲಿ’ ಎಂದು ಬಸ್ಸಿನ ಕಂಡಕ್ಟರ್ ಗದರಿದ. ಟಿಬಿಟ್ ತಲೆ ಒಳಗೆಳೆದುಕೊಂಡರು. ತಮ್ಮ ಸಾವಿಗೆ ಇಷ್ಟು ಜನ ಸೇರಿದ್ದಾರಲ್ಲ ಎಂದು ಒಳಗೊಳಗೇ ಒಂದಿಷ್ಟು ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ.

ಚರ್ಚಿನ ಮುಂದೆ ನಾಲ್ವರು ಶವಪೆಟ್ಟಿಗೆ ಇಳಿಸಲೆಂದು ಅಂಗಿಯ ತೋಳು ಮಡಿಸಿ ಬಂದು ಹಿಂಬಾಗಿಲು ತೆಗೆದರು. ಕುಂಬಳಕಾಯಿಯೊಂದು ಉರುಳಿ ಕಾನ್‌ಸ್ಟೇಬಲ್ಲನ ಬೂಟಿನ ಮೇಲೆ ಬಿತ್ತು. ಟಿಬಿಟ್ ಕೆಳಗಿಳಿದು ಟೋಪಿ ತೆಗೆದು ಮುಖ ತೋರಿಸಿದರು. ಜನರಿಗೆ ಸಮಾಧಾನವಾಯಿತು ಎಂದು ಹೇಳಲಾರೆ. ಕೆಲಸ ಬಿಟ್ಟು ಬಂದಿದ್ದರು.

‘ಸಾಯೋದಿಲ್ಲಾಂದ್ರೆ ಮೊದಲೇ ಹೇಳ್ಬಾರ್ದೇನ್ರಿ?’ ಎಂದ ಪಬ್ಬಿನವನು.

ಎದುರು ಗೇಟಿನಿಂದ ಲವಿನಿಯಾ ಬಂದರು. ಹೂವು, ಕುಂಬಳ ಇಳಿಸುವಷ್ಟರಲ್ಲಿ ಗಾಡಿಯನ್ನು ಒಂದು ಸುತ್ತು ಬಂದು ಹಿತ್ತಾಳೆಯ ಹಿಡಿಕೆ ಸವರಿದರು.

‘ಇದನ್ನ ಎಲ್ಲೋ ನೋಡಿದ್ದೀನಿ. ಹೌದು, ನಮ್ಮ ಮೇಜರ್‌ದಕ್ಕೂ ಇದೇ ಇತ್ತು.’

‘ಮೇಜರ್ ಹತ್ರಾನೂ ಮರದ ಕಾರು ಇತ್ತಾ?’

‘ಕಾರಲ್ಲ’ ಎಂದರು ಲವಿನಿಯಾ ಮೃದುವಾಗಿ.

ಬಂಗಲೆಯ ದಾರಿ ಅರ್ಧ ಸಾಗುವಷ್ಟರಲ್ಲಿ ಮಳೆ ಹಿಡಿಯಿತು. ಹೊಸ ಮರ ಒಂದೇ ಸಮ ಕಿರುಗುಟ್ಟತೊಡಗಿತು. ಚಾವಣಿಯ ಸಂದಿಯಿಂದ ನೀರು ಸರಿಯಾಗಿ ಟಿಬಿಟ್ ಅವರ ಟೋಪಿಯ ಮೇಲೇ ತೊಟ್ಟಿಕ್ಕಿತು. ಅವರು ಒಂದು ಮರದಡಿ ಗಾಡಿ ನಿಲ್ಲಿಸಿ, ಜೇಬಿನಲ್ಲಿದ್ದ ಉಂಗುರವನ್ನು ಗಟ್ಟಿಯಾಗಿ ಹಿಡಿದುಕೊಂಡರು.

‘ಮಿಸೆಸ್ ಕಾರ್ಬಿ, ನಾನು ನಿಮಗೊಂದು ಮಾತು ಹೇಳ್ಬೇಕು.’

‘ನಾನೂ ಹೇಳ್ಬೇಕು ಟಿಬಿಟ್ ಅವರೇ, ಬೆಳಗಿಂದ ತಡ್ಕೊಂಡಿದ್ದೀನಿ. ನೀವು ಈ ಕಾರಿನ ಮೈ ಬದಲಾಯಿಸಿದ್ರಲ್ಲ, ಅದರಿಂದ ನನ್ನ ಬದುಕೇ ಬದಲಾಯ್ತು.’

ಟಿಬಿಟ್ ಆಕೆಯ ಕಡೆ ತಿರುಗಿ ಕೂತರು. ಮಿಸ್ ಡಾಕೆಟ್ ಬಾಯಿಗೆ ಸಕ್ಕರೆ ಹಾಕಬೇಕು! ‘ಹೌದಾ? ಈ ಮರದ ಮೈ ಅಷ್ಟು ಹಿಡಿಸ್ತಾ?’

‘ಹೇಳಿದ್ರೆ ಅರ್ಥ ಆಗಲ್ಲ, ತೋರಿಸ್ತೀನಿ. ಊಟಕ್ಕೆ ತಡ ಆದ್ರೂ ಪರವಾಗಿಲ್ಲ, ಸ್ಪ್ರಾಟ್ ಅಂಗಳಕ್ಕೆ ತಿರುಗಿಸಿ.’

ಹಸಿ ಮೊಟ್ಟೆ ಕೊಟ್ಟರೂ ನುಂಗುವಷ್ಟು ಖುಷಿಯಲ್ಲಿ ಟಿಬಿಟ್ ಗಾಡಿ ತಿರುಗಿಸಿದರು. ಅಂಗಳ ತಲುಪಿ ನೋಡಿದರೆ ಬಾಗಿಲು ತೆರೆಯುತ್ತಿಲ್ಲ. ಆಚೆಯದೂ ಇಲ್ಲ. ಹಸಿ ಮರ ನೀರು ಕುಡಿದು ಉಬ್ಬಿ ನಾಲ್ಕೂ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿದ್ದವು. ಹಿಡಿಕೆ ಮಾತ್ರ ನಿಜಕ್ಕೂ ಗಟ್ಟಿ.

ಬೆಳಗಿನ ಮೆರವಣಿಗೆಯ ಅರ್ಧ ಜನ ಮಳೆಗೆ ಸ್ಪ್ರಾಟನ ಮಾಡಿನಡಿ ನಿಂತಿದ್ದರು, ಮಿಸ್ ಡಾಕೆಟ್ ಸಮೇತ. ಸ್ಪ್ರಾಟ್ ಓಡಿ ಬಂದು ಲವಿನಿಯಾ ಪಕ್ಕದ ಕಿಟಕಿಯ ಗಾಜು ಸರಿಸಿ, ಆಕೆಯನ್ನು ಗುಬ್ಬಿಮರಿಯ ಹಾಗೆ ಎತ್ತಿ ಇಳಿಸಿದ. ಟಿಬಿಟ್ ಕೂಡ ಅದೇ ಕಿಟಕಿಗೆ ತಲೆ ತೂರಿಸಿದರು.

‘ನೀವು ಅಲ್ಲಿ ಹಿಡಿಸಲ್ಲ ಸಾರ್. ಹಿಂದಗಡೆ ಮಲಕ್ಕೊಳ್ಳಿ.’

ಹಿಂಬಾಗಿಲನ್ನು ಸುತ್ತಿಗೆಯಿಂದ ಬಡಿದು ತೆಗೆದು, ಬೆಳಗಿನ ಅದೇ ನಾಲ್ವರು ಟಿಬಿಟ್ ಅವರನ್ನು ಕಾಲು ಮುಂದಾಗಿ ಎಳೆದು ಹೆಗಲಿಗೇರಿಸಿದರು. ಅಭ್ಯಾಸಬಲ, ಮಾಡಿನಡಿ ಇದ್ದವರೆಲ್ಲ ಟೋಪಿ ತೆಗೆದರು.

‘ಇತ್ತ ಬನ್ನಿ ಟಿಬಿಟ್ ಅವರೇ, ನೆನೀತೀರಿ!’ ಎಂದು ಲವಿನಿಯಾ ಕೂಗಿದ್ದು ಕೋಳಿಗೂಡಿನಿಂದ.

ಅವರ ಹಳೆಯ ಕಪ್ಪು ಡಬ್ಬಿ ಇಟ್ಟಿಗೆಗಳ ಮೇಲೆ ಕೂತಿತ್ತು. ಮುಂದಿನ ಸೀಟಿನಲ್ಲಿ ಕೋಳಿಗಳು. ನಡುವೆ ಗಾಜಿನ ತಡಿಕೆ. ಹಿಂದಿನ ಬೂದು ಸೀಟು ಒಗೆದು ಉಜ್ಜಿ ಹೊಸದರಂತಿತ್ತು. ಕಿಟಕಿಯ ಪಕ್ಕದ ಪುಟ್ಟ ಹೂದಾನಿಯಲ್ಲಿ ಒಂದು ಸೇವಂತಿಗೆ. ಲವಿನಿಯಾ ಮೂಲೆಯಲ್ಲಿ ಕಾಲು ಮಡಿಸಿ ಕೂತು, ಕಿಟಕಿಯ ಕೆಳಗಿನ ಪಟ್ಟಿಯ ಮೇಲಿದ್ದ ಒಂದು ಗೀರನ್ನು ತೋರಿಸಿದರು.

‘ಇದು ನನ್ನ ಹೆಸರಿನ ಮೊದಲ ಅಕ್ಷರ. ಹದಿನೈದು ವರ್ಷದವಳಿದ್ದಾಗ ಟೋಪಿ ಪಿನ್ನಿಂದ ಗೀಚಿ ಅಪ್ಪನ ಹತ್ರ ಬೈಸ್ಕೊಂಡಿದ್ದೆ. ಇದು ನಮ್ಮಪ್ಪನ ಕಾರು ಟಿಬಿಟ್ ಅವರೇ! ಅಪ್ಪ ಹೋದ್ಮೇಲೆ ಮಾರಿಹೋಗಿತ್ತು. ಭಾನುವಾರ ಭಾನುವಾರ ನೀವು ಹೋಗೋವಾಗ ಅದೇ ಇರ್ಬಹುದಾ ಅಂತ ಜೀವ ಹೊಡ್ಕೋತಿತ್ತು. ಕೇಳೋಕೆ ಸಂಕೋಚ. ಮೊಟ್ಟೆಗೆ ಅಂತ ಇಲ್ಲಿ ಬಂದಾಗ ಈ ಗೀರು ಕಂಡೆ. ಜೆತ್ರೋ ಕೋಳೀನೆಲ್ಲ ಮುಂದಕ್ಕೆ ಓಡಿಸಿ ನನಗೆ ಹಿಂದಿನ ಸೀಟು ಬಿಟ್ಟುಕೊಟ್ಟ. ಆಮೇಲೆ ದಿನಾ ಸಂಜೆ ಇಬ್ಬರೂ ಕೂತು ಮಾತಾಡ್ತಿದ್ವಿ. ನಿನ್ನೆ ಇಲ್ಲೇ ಅವನು ಮದುವೆ ಆಗ್ತೀಯಾ ಅಂದ. ನಾನು ಹೂಂ ಅಂದೆ.’

ಟಿಬಿಟ್ ಕೈ ಜೇಬಿನಲ್ಲೇ ಉಳಿಯಿತು. ‘ಸಂಕೋಚ ಬಿಟ್ಟು ನನ್ನನ್ನ ಕೇಳಿದ್ರೆ, ಹತ್ತಿಸ್ಕೋತಿದ್ದೆನಲ್ಲ’ ಎಂದರು, ಕೋಳಿಗೆ ಕೇಳಿಸುವಷ್ಟು ಮೆಲ್ಲಗೆ.

‘ಹೌದಲ್ವಾ? ಈ ಸೀಟಲ್ಲಿ ಒಂದ್ಸಲ ಕೂತಿದ್ರೆ ನಾನು ಮತ್ತೆ ಇಳೀತಾನೇ ಇರ್ಲಿಲ್ಲವೇನೋ!’ ಲವಿನಿಯಾ ನಕ್ಕರು. ‘ನೀವೇನೋ ಹೇಳ್ಬೇಕು ಅಂದ್ರಲ್ಲ?’

‘ಮೊಟ್ಟೆ ಜಾಸ್ತಿ ತಿಂದ್ರೆ ಪಿತ್ತ ಆಗುತ್ತಂತೆ’ ಎಂದರು ಟಿಬಿಟ್.

ಮಿಸ್ ಡಾಕೆಟ್ ಕೋಳಿಗೂಡಿನ ಬಾಗಿಲಲ್ಲಿ ತಲೆ ತೂರಿಸಿ ಎಲ್ಲ ಕೇಳಿಸಿಕೊಂಡಿದ್ದರು. ‘ನೋಡಿದ್ರಾ! ಕಾರಿನ ಮೈ ಬದಲಾಯಿಸಿ, ಮದುವೆ ಆಗೇ ಆಗುತ್ತೆ ಅಂತ ನಾನು ಹೇಳಿರ್ಲಿಲ್ವಾ? ಮದುವೆ ದಿನ ಹುಡುಗಿ ಚರ್ಚಿಗೆ ಹೋಗೋಕೆ ನಿಮ್ಮ ಗಾಡಿನೇ ಸರಿ. ನೀವೇ ಓಡಿಸ್ತೀರಲ್ವಾ?’

ಓಡಿಸುತ್ತೇನೆ ಎಂದರು ಟಿಬಿಟ್. ಬೇರೇನು ಹೇಳಿಯಾರು?

ಸಂಜೆ ಮಳೆ ನಿಂತ ಮೇಲೆ, ಹಿಂಬಾಗಿಲಿನಿಂದ ತೆವಳಿ ಒಳಹೊಕ್ಕು, ಅವರೊಬ್ಬರೇ ಗಾಡಿ ಓಡಿಸಿಕೊಂಡು ಮನೆಗೆ ಹೊರಟರು. ಸೇವಂತಿಗೆಯ ನಾಲ್ಕು ದಳ ಇನ್ನೂ ಹಿಂದೆ ಬಿದ್ದಿದ್ದವು. ತಿರುವಿನಲ್ಲಿ ರಸ್ತೆ ರಿಪೇರಿಯ ಮುದುಕ ಗುದ್ದಲಿ ಕೆಳಗಿಟ್ಟ. ಚರ್ಚಿನ ಮುಂದೆ ನಡೆದದ್ದು ಅವನ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ಟೋಪಿ ಎದೆಗೊತ್ತಿ ತಲೆ ತಗ್ಗಿಸಿದ.

ಟಿಬಿಟ್ ಈ ಸಲ ಕೂಗಿ ತಿದ್ದಲು ಹೋಗಲಿಲ್ಲ. ಮುದುಕ ಮಾಡುತ್ತಿರುವುದೂ ಸರಿಯೇ ಅನ್ನಿಸಿತು. ಗಾಡಿಯನ್ನು ಇನ್ನಷ್ಟು ನಿಧಾನ ಮಾಡಿ, ತಾವೂ ಒದ್ದೆ ಟೋಪಿ ತೆಗೆದು ಪಕ್ಕದ ಸೀಟಿನ ಮೇಲಿಟ್ಟರು.