ಒಂದೆಲಗದ ರಸ ಕುಡಿದವರು

ಮರೆವಿಗೆ ಔಷಧಿ ಅರೆಯುವ ಮನೆಯಲ್ಲಿ ದಿನಕ್ಕೊಂದು ತಮಾಷೆ ಆಗದೆ ಇರುವುದಿಲ್ಲ. ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದ ಹೊಸದರಲ್ಲಿ ನಾನು ಬನಹಟ್ಟಿಯ ವೈದ್ಯರೊಬ್ಬರ ಬಳಿ ಕಾಂಪೌಂಡರ್ ಆಗಿದ್ದೆ. ಕಂಡದ್ದನ್ನೆಲ್ಲ ಕೆದಕಿ ಕೇಳುವ ಚಟ ನನ್ನದು.

೧. ಎಲೆ

ನಮ್ಮ ಓಣಿಯ ನೇಕಾರರೊಬ್ಬರಿಗೆ ಲಕ್ವಾ ಹೊಡೆಯಿತು. ಕೈ ಮೆಲ್ಲಗೆ ಸುಧಾರಿಸಿತು, ಮಾತೂ ಬಂತು. ನೆನಪಿನ ಎಳೆ ಮಾತ್ರ ಅಲ್ಲಲ್ಲಿ ಹರಿದಿತ್ತು. "ನಾ ಯಾರಂತ ಇವರಿಗೆ ಗೊತ್ತೈತೋ ಇಲ್ಲೋ" ಎಂದು ಹೆಂಡತಿ ಕಣ್ಣೀರು ಹಾಕುತ್ತಿದ್ದರು.

ವೈದ್ಯರು ಒಂದೆಲಗದ ರಸ ಹೇಳಿದರು. "ಇದ್ದ ನೆನಪು ಹೋಗದಂಗ ಕಾಯತೈತಿ" ಅಂದರು. ಎಲೆ ತರಲು ಬಾವಿದಂಡೆಗೆ ಹೋದರೆ ನೆಲ ಬೋಳು. ಸುದ್ದಿ ಕೇಳಿದ ಶಾಲೆಯ ಮಾಸ್ತರರು ಪಾಠ ನೆನಪಿರಲೆಂದು ಹುಡುಗರಿಗೆಲ್ಲ ಒಂದೊಂದು ಹಿಡಿ ತರಲು ಹೇಳಿದ್ದರಂತೆ. ಅರ್ಧವಾದರೂ ಬೇಡೋಣವೆಂದು ಹೋದೆ. ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

"ಪೂರಾ ಒಯ್ರಿ. ಎಲಿ ಎಲ್ಲಾರೂ ತಂದಾರ, ಪಾಟಿ-ಬಳಪ ಒಬ್ಬನೂ ತಂದಿಲ್ಲ."

೨. ರುಚಿ

ಈ ರಸ ಒಳಗೆ ಹೋಗಿ ಏನು ಮಾಡುತ್ತದೆಂಬ ಕುತೂಹಲ ತಡೆಯದೆ ನಾನೂ ಎಂಟು ದಿನ ಮೂಗು ಮುಚ್ಚಿಕೊಂಡು ಆ ಕಹಿಯನ್ನು ಕುಡಿದೆ. ಒಂಬತ್ತನೆಯ ದಿನ, ಮೂರು ವರ್ಷದ ಹಿಂದೆ ಪಕ್ಕದ ಮನೆಯ ರಾಯರಿಂದ ತಂದ ಛತ್ರಿ ನೆನಪಾಯಿತು. ರಸದ ಗುಣವೋ, ಅಂದು ಬಂದ ಮಳೆಯ ಗುಣವೋ ಹೇಳಲಾರೆ. ಹೆಮ್ಮೆಯಿಂದ ಕೊಟ್ಟುಬಂದೆ. ರಾಯರು ರಸ ಮೂಸಿದವರೂ ಅಲ್ಲ. ಆದರೂ ಛತ್ರಿ ನೋಡಿದ್ದೇ ತಡ, ನಮ್ಮ ಮನೆಯಲ್ಲಿದ್ದ ಅವರ ಏಣಿ, ಕೊಡಲಿ, ಹೋದ ವರ್ಷದ ಪಂಚಾಂಗ ಎಲ್ಲ ಅವರಿಗೆ ನೆನಪಾದವು.

೩. ಪರೀಕ್ಷೆ

ವೈದ್ಯರು ದಿನಾ ಬೆಳಿಗ್ಗೆ ನೇಕಾರರ ನೆನಪು ಪರೀಕ್ಷಿಸುತ್ತಿದ್ದರು. ಊರು ಯಾವುದು? ಹೇಳಿದರು. ಮಗ್ಗ ಎಷ್ಟು? ಹೇಳಿದರು. "ಮನಿಯವರ ಹೆಸರು?" ತಲೆ ತಗ್ಗಿಸಿದರು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು. ರಸದ ಅಳತೆ ಚಮಚದಿಂದ ಬಟ್ಟಲಿಗೇರಿತು. ಇಪ್ಪತ್ತು ದಿನ ಅದೇ ಪ್ರಶ್ನೆ, ಅದೇ ತಗ್ಗಿದ ತಲೆ.

ಒಂದು ದಿನ ವೈದ್ಯರು ಎದ್ದುಹೋದ ಮೇಲೆ ನಾನೇ ಪಕ್ಕದಲ್ಲಿ ಕೂತು ಕೇಳಿದೆ. "ಖರೆ ಹೇಳ್ರಿ, ಅಕ್ಕಾರ ಹೆಸರು ಮರತೈತೇನು?"

"ಹೆಸರು ಎಲ್ಲಿ ಮರೀತೈತ್ರಿ? ಲಗ್ನದಾಗ ಪ್ರಾಸ ಕೂಡ್ಸಿ ಒಡಪಿನಾಗ ಹೇಳಿದ್ದೆ. ಆ ಒಡಪ ಮರತೈತಿ. ಮಂದಿ ಮುಂದ ಒಡಪ ಇಲ್ದ ಹೆಂಡ್ತಿ ಹೆಸರು ಹೆಂಗ ಹೇಳ್ಲಿ?"

ಬಾಗಿಲ ಹಿಂದೆ ನಿಂತಿದ್ದ ಹೆಂಡತಿ ಕಣ್ಣೊರೆಸಿಕೊಂಡು ಬಂದರು. ರಸದ ಬಟ್ಟಲನ್ನು ಗಂಡನ ಕೈಗಿಟ್ಟರು.

"ಒಡಪ ನಾ ಹೇಳಿಕೊಡತೇನಿ. ಮೊದಲ ಇದನ್ನ ಕುಡೀರಿ. ಇಪ್ಪತ್ತು ದಿನ ನನ್ನ ಅಳಿಸಿದ್ದಕ್ಕ."