ಬೆನ್ನಿಗೆ ಬಿದ್ದ ಸೂಜಿಗಳು

ಇಂಥದ್ದು ಒಂದು ಸಲ ಆಗಿದ್ದರೆ ಗ್ರಹಚಾರ ಅಂತ ಸುಮ್ಮನಾಗ್ತಿದ್ದೆ. ಒಂದೂವರೆ ವರ್ಷದಲ್ಲಿ ನಾಲ್ಕು ಸಲ ರಾಜಾಜಿನಗರದ ಆ ಆಸ್ಪತ್ರೆಗೆ ಹೋದೆ. ನಾಲ್ಕು ಸಲವೂ, ನಾನು ನೆಮ್ಮದಿಯಾಗಿ ಅಳೋಣ ಅಂತಿರುವಾಗ ಯಾರಾದರೊಬ್ಬರು ನಗು ತರಿಸಿ ಆ ಅಳುವನ್ನೂ ಕೆಡಿಸಿದರು. ಬೆಳಿಗ್ಗೆ ಹೋಗಿ, ಎಕ್ಸ್‌ರೇ ಪರದೆ ನೋಡಿಕೊಂಡು ಡಾಕ್ಟರು ಹಾಕೋ ಸೂಜಿಯನ್ನು ಬೆನ್ನುಮೂಳೆ ಸಂದಿಗೆ ಹಾಕಿಸಿಕೊಂಡು, ಸಂಜೆಗೆ ಮನೆಗೆ ಬರೋ ಆಸ್ಪತ್ರೆ ಅದು. ಸೂಜಿ ನನಗೆ ಹೊಸದಲ್ಲ. ಮಾರೇನಹಳ್ಳಿಯಲ್ಲಿ ಇಪ್ಪತ್ತು ವರ್ಷ ಬ್ಲೌಸ್ ಹೊಲಿದವಳು ನಾನು. ಆದರೆ ಸೂಜಿ ಹಿಡಿದು ಕೂರೋದೇ ಬೇರೆ, ಅದರ ಕೆಳಗೆ ಮಲಗೋದೇ ಬೇರೆ.

೧. ಮೊದಲು ಎತ್ತಿದ್ದು

ಲೈನಿಂಗ್ ಬಟ್ಟೆ ತಗೊಂಡು ಆಟೋದಲ್ಲಿ ವಾಪಸ್ ಬರ್ತಿದ್ದೆ. ಒಳಚರಂಡಿಗೆ ಅಂತ ರಸ್ತೆ ಅಗೆದು ಮೂರು ತಿಂಗಳಾಗಿತ್ತು. ಮಳೆ ಬಂದು ಗುಂಡಿ ತುಂಬಿ, ರಸ್ತೆ ಯಾವುದು ಗುಂಡಿ ಯಾವುದು ಗೊತ್ತಾಗದ ಹಾಗಿತ್ತು. ಆಟೋದವನು ಗುಂಡಿಯನ್ನೇ ರಸ್ತೆ ಅಂದುಕೊಂಡ. ಆಟೋ ಮಗುಚಿತು. ನಾನು ಹೊರಗೆ ಬಿದ್ದೆ, ಸೊಂಟ ಹೋಗಿ ಕಲ್ಲಿನ ಅಂಚಿಗೆ ಬಡಿಯಿತು.

ಹತ್ತು ಜನ ಓಡಿ ಬಂದರು. ಬೆಂಗಳೂರಲ್ಲಿ ಜನ ಸಹಾಯಕ್ಕೆ ಬರಲ್ಲ ಅನ್ನೋದು ಸುಳ್ಳು. ಬಂದವರೆಲ್ಲ ಒಟ್ಟಿಗೆ "ಐಸಾ" ಅಂತ ಕೈ ಹಾಕಿ ಆಟೋ ಎತ್ತಿದರು. ನಾನು ಪಕ್ಕದಲ್ಲೇ ಕೆಸರಲ್ಲಿ ಮಲಗಿ ನೋಡ್ತಿದ್ದೆ.

"ಅಣ್ಣಾ, ನಾನಿಲ್ಲಿದೀನಿ" ಅಂದೆ.

ಅವರಲ್ಲಿ ಹಿರಿಯರೊಬ್ಬರು ಸಮಾಧಾನ ಹೇಳಿದರು: "ಇರಮ್ಮ, ಗಾಬರಿ ಆಗಬೇಡ. ಆಟೋ ದಾರಿಗೆ ಅಡ್ಡ ಇತ್ತು. ನೀನು ಯಾರಿಗೂ ಅಡ್ಡ ಇಲ್ಲ."

೨. ಎರಡನೇ ಮಹಡಿ

ಎರಡು ತಿಂಗಳು ಮಲಗಿ ಎದ್ದ ಮೇಲೂ ಎಡಗಾಲಿಗೆ ನೋವು ಇಳಿಯೋದು ನಿಲ್ಲಲಿಲ್ಲ. ಮಿಷನ್ ಪೆಡಲ್ ತುಳಿಯೋ ಕಾಲು ಅದೇ. ಐದು ನಿಮಿಷ ತುಳಿದರೆ ಸೊಂಟದಿಂದ ಹಿಮ್ಮಡಿವರೆಗೆ ಬೆಂಕಿ ಹಾಕಿದ ಹಾಗೆ. ಕೊನೆಗೆ ಮೂಳೆ ಡಾಕ್ಟರು ಈ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಬೆನ್ನುನೋವಿನವರಿಗೆ ಅಂತಲೇ ಇರೋ ಆಸ್ಪತ್ರೆ. ಇದ್ದದ್ದು ಎರಡನೇ ಮಹಡಿಯಲ್ಲಿ, ಕೆಳಗೆಲ್ಲ ಸೀರೆ ಅಂಗಡಿ. ಲಿಫ್ಟ್ ಮುಂದೆ ಒಂದು ಸ್ಟೂಲ್ ಅಡ್ಡ ಇಟ್ಟುಕೊಂಡು ವಾಚ್‌ಮನ್ ಕೂತಿದ್ದ. ಗದಗದ ಕಡೆಯವನು.

"ಲಿಫ್ಟ್ ಕೆಟ್ಟೈತ್ರೀ ಯಕ್ಕಾ. ಮೆಟ್ಲ ಹತ್ತಿ ಹೋಗ್ರಿ."

"ಮೆಟ್ಟಿಲು ಹತ್ತೋಕೆ ಆಗ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆನಪ್ಪಾ?"

ಅವನು ಕೂತಲ್ಲೇ ಸ್ಟೂಲ್ ಸರಿಮಾಡಿಕೊಂಡ. "ಹಂಗಂತ ಭಾಳ ಮಂದಿ ಅಂತಾರ್ರೀ. ಆದ್ರ ಮ್ಯಾಲ ಹೋದವ್ರು ಯಾರೂ ಅನ್ನಂಗಿಲ್ಲ."

೩. ಹತ್ತಕ್ಕೆ ಎಷ್ಟು

ಡಾಕ್ಟರು ಒಳ್ಳೆಯವರು, ಮೃದು ಮಾತು. ಫೈಲ್ ತೆಗೆದು ಕೇಳಿದರು: "ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಅಂತ ಹೇಳ್ತೀರಾ ಅಮ್ಮಾ? ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ತಡೆಯೋಕೇ ಆಗಲ್ಲ."

ನಾನು ಯೋಚಿಸಿ "ಎಂಟು" ಅಂದೆ.

ನಮ್ಮೆಜಮಾನರು ಪಕ್ಕದ ಕುರ್ಚಿಯಿಂದ ಮುಂದೆ ಬಗ್ಗಿದರು. ಪೀಣ್ಯದ ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳೋರು, ಯಾರೇ ಏನೇ ಕೇಳಿದರೂ ಸ್ವಲ್ಪ ಕಡಿಮೆ ಮಾಡಿಯೇ ಕೊಟ್ಟು ಅಭ್ಯಾಸ. "ಎಂಟೆಲ್ಲ ಇಲ್ಲ ಸಾರ್. ನಿನ್ನೆ ನಿಂತ್ಕೊಂಡು ಹತ್ತು ಒಬ್ಬಟ್ಟು ತಟ್ಟಿದಾಳೆ. ಐದು ಹಾಕ್ಕೊಳ್ಳಿ."

"ರೀ, ಆ ಒಬ್ಬಟ್ಟು ತಟ್ಟಿದ್ದು ಯಾರಿಗೆ?"

"ಅದಲ್ಲ ಕಣೇ ವಿಷಯ."

ಡಾಕ್ಟರು ಇಬ್ಬರ ಮುಖವನ್ನೂ ನೋಡಿ, ಜಗಳ ಬೇಡ ಅಂತ ಆರೂವರೆ ಬರಕೊಂಡರು. ಸೊಪ್ಪಿನವಳ ಹತ್ತಿರ ಚೌಕಾಸಿ ಮುಗಿದ ಹಾಗೆ ನನ್ನ ನೋವಿನ ರೇಟು ತೀರ್ಮಾನ ಆಯ್ತು.

ಮುಂದಿನ ತಿಂಗಳು ಇವರಿಗೆ ಕಾಲಿನ ಹೆಬ್ಬೆರಳಲ್ಲಿ ಉಗುರುಸುತ್ತು ಆಯ್ತು. ಮಂಚದ ಮೇಲೆ ಕಾಲು ನೀಡಿಕೊಂಡು ನರಳ್ತಿದ್ದರು. "ಹತ್ತಕ್ಕೆ ಎಷ್ಟು ರೀ?" ಅಂತ ಕೇಳಿದೆ.

ಕಣ್ಣು ಬಿಡದೇ ಹೇಳಿದರು: "ಹನ್ನೊಂದು."

೪. ಯಾರ ಎಡ

ಎರಡನೇ ಸಲ ಹೋದಾಗ ಹೊಸ ನರ್ಸ್ ಇದ್ದಳು. ಹಸಿರು ಗೌನು ಹಾಕಿಸಿ, ಬೋರಲು ಮಲಗಿಸಿ, ಸೊಂಟದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿದಳು. ನಾನು ಇಪ್ಪತ್ತು ವರ್ಷ ಚಾಕ್ ಹಿಡಿದು ಊರಿನವರ ಬೆನ್ನಿಗೆಲ್ಲ ಗುರುತು ಹಾಕಿದವಳು. ಚರ್ಮದ ಮೇಲೆ ಪೆನ್ನು ಓಡಾಡಿದ ಕೂಡಲೇ ತಪ್ಪು ಗೊತ್ತಾಯ್ತು.

"ಅಮ್ಮಾ, ನೋವಿರೋದು ಎಡಗಡೆ."

"ಹೌದು ಆಂಟಿ, ಎಡಗಡೆನೇ ಹಾಕಿದೀನಿ."

"ಅದು ಬಲ."

"ನೀವು ಬೋರಲು ಮಲಗಿದೀರಲ್ಲ ಆಂಟಿ, ಈಗ ಉಲ್ಟಾ ಆಗುತ್ತೆ."

"ನಾನು ಮಗ್ಗಲು ಬದಲಾಯಿಸಿದ್ರೆ ನನ್ನ ಕಾಲು ಬದಲಾಗುತ್ತಾ?"

ಅಷ್ಟರಲ್ಲಿ ಡಾಕ್ಟರು ಕೈ ತೊಳೆದು ಬಂದರು. ವಿಷಯ ಕೇಳಿ, ಫೈಲ್ ನೋಡಿ, ಹಳೇ ಗುರುತು ಒರೆಸಿ ಹೊಸದು ಹಾಕಿದರು. "ಏನೂ ಭಯ ಬೇಡ ಅಮ್ಮಾ. ನಮ್ಮಲ್ಲಿ ಎಲ್ಲಾನೂ ಎರಡೆರಡು ಸಲ ಚೆಕ್ ಮಾಡೋರು ಇದಾರೆ."

ಆ ಎರಡನೇ ಸಲ ಚೆಕ್ ಮಾಡೋರು ನಾನೇ ಅಂತ ಅವತ್ತು ಗೊತ್ತಾಯ್ತು.

೫. ಶುಕ್ರವಾರ

ಆ ಸೂಜಿಯ ಗುಣ ಮೂರು ವಾರ ಇತ್ತು. ಆಮೇಲೆ ನೋವು ತವರಿಗೆ ಹೋಗಿ ಬಂದವಳ ಹಾಗೆ ಇನ್ನೂ ಗಟ್ಟಿಯಾಗಿ ವಾಪಸ್ ಬಂತು. ಅಂಗಡಿ ಬಾಗಿಲು ವಾರಕ್ಕೆ ಎರಡು ದಿನ ತೆಗೆದರೆ ಹೆಚ್ಚು. ಹದಿನೈದು ವರ್ಷದಿಂದ ಬರ್ತಿದ್ದವರು, ನನ್ನ ಹತ್ತಿರ ಮಗಳ ಮದುವೆ ಬ್ಲೌಸ್ ಹೊಲಿಸಿದವರು, ಎದುರು ಸಾಲಿನ ಹೊಸ ಅಂಗಡಿಗೆ ಹೋಗೋಕೆ ಶುರು ಮಾಡಿದರು. ನನ್ನ ಕಿಟಕಿ ಮುಂದೆ ಹೋಗುವಾಗ ಬಟ್ಟೆ ಕವರನ್ನು ಸೆರಗಿನಲ್ಲಿ ಮುಚ್ಚಿಕೊಳ್ತಿದ್ದರು. ನಾಚಿಕೆ ಇತ್ತಲ್ಲ, ಅಷ್ಟೇ ಸಂತೋಷ.

ಮೂರನೇ ಸಲ ಸೂಜಿ ಆಗಿ, ಕಾಲು ಜೋಮು ಹಿಡಿದು, ಪರದೆ ಹಿಂದೆ ಮಲಗಿದ್ದೆ. ಒಬ್ಬರು ಹಳೇ ಗಿರಾಕಿ ನೋಡೋಕೆ ಬಂದರು. ಬಸವೇಶ್ವರನಗರದವರು, ಕೈಯಲ್ಲಿ ಮೂಸಂಬಿ. ಬಿಟ್ಟು ಹೋದವರ ಮಧ್ಯೆ ಇವರಾದರೂ ಎರಡು ಮಹಡಿ ಹತ್ತಿ ಬಂದರಲ್ಲ ಅಂತ ನನಗೆ ಕಣ್ಣು ತುಂಬಿತು. ಅವರು ಹಣೆ ಮುಟ್ಟಿ, "ಎಷ್ಟು ಇಳಿದುಹೋಗಿದೀರ್ರೀ" ಅಂತ ಅವರೂ ಕಣ್ಣೊರೆಸಿಕೊಂಡರು. ನಾನು ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಅವರು ಇನ್ನೊಂದು ಕೈಯನ್ನು ಮೂಸಂಬಿ ಕವರಿಗೆ ಹಾಕಿ, ಹಣ್ಣಿನ ಕೆಳಗಿಂದ ರೇಷ್ಮೆ ಬ್ಲೌಸ್ ಪೀಸು, ಅಳತೆ ಬ್ಲೌಸು ಎರಡನ್ನೂ ತೆಗೆದರು.

"ನಿಮ್ಮ ಕೈ ಬಿಟ್ರೆ ನನಗೆ ಬೇರೆಯವರದ್ದು ತೋಳು ಕೂರಲ್ಲ ಕಣ್ರೀ. ಚೆನ್ನಾಗಿ ರೆಸ್ಟ್ ತಗೊಳ್ಳಿ. ಶುಕ್ರವಾರ ಬರ್ತೀನಿ."

೬. ಕರೆಂಟ್ ಹೋದಾಗ

ನಾಲ್ಕನೇ ಸಲದ್ದು ನರ ಸುಡೋದು. ಹೆಸರು ಕೇಳಿ ಹೆದರಬೇಡಿ, ನಾನು ಆಗಲೇ ಹೆದರಿ ಮುಗಿಸಿದೀನಿ. ಸಣ್ಣ ಸೂಜಿ ತೂರಿಸಿ, ನೋವಿನ ಸುದ್ದಿ ಹೊತ್ತುಕೊಂಡು ಹೋಗೋ ನರವನ್ನು ಕರೆಂಟಿನ ಬಿಸಿಯಲ್ಲಿ ಸುಡ್ತಾರೆ. ಇಷ್ಟರಲ್ಲಿ ಕೆಲಸ ಮಾಡಿದ್ದು ಇದೊಂದೇ. ಪೆಡಲ್ ತುಳಿಯೋದು ಮುಗಿದುಹೋದ ಮಾತು. ಮಿಷನ್‌ಗೆ ಮೋಟಾರ್ ಹಾಕಿಸಿದೀನಿ, ಒಂದೂವರೆ ಗಂಟೆ ಕೂತು ಹೊಲೀತೀನಿ, ಆಮೇಲೆ ಮಲಗ್ತೀನಿ. ಹೋದವರಲ್ಲಿ ನಾಲ್ಕೈದು ಜನ ವಾಪಸ್ ಬಂದಿದಾರೆ.

ಅವತ್ತು ಸೂಜಿ ಸರಿಯಾಗಿ ಒಳಗೆ ಹೋಗಿ ಕೂತ ಹೊತ್ತಿಗೆ ಕರೆಂಟ್ ಹೋಯ್ತು. ನರ ಸುಡೋ ಮಿಷನ್ ನಿಂತಿತು, ಎಕ್ಸ್‌ರೇ ಪರದೆ ಕಪ್ಪಾಯ್ತು. ಕಿಟಕಿಯಿಂದ ಒಂದಿಷ್ಟು ಬೆಳಕು.

"ಅಲ್ಲಾಡಬೇಡಿ ಅಮ್ಮಾ. ಜನರೇಟರ್ ಇದೆ, ಎರಡೇ ನಿಮಿಷ" ಅಂದರು ಡಾಕ್ಟರು.

ಕೆಳಗೆ ಜನರೇಟರ್ ನಾಲ್ಕು ಸಲ ಕೆಮ್ಮಿ ಸುಮ್ಮನಾಯ್ತು. ಡೀಸೆಲ್ ತರೋಕೆ ಹೋಗಿದಾರೆ ಅಂತ ಸುದ್ದಿ ಬಂತು. ನಾನು ಬೋರಲು, ಬೆನ್ನಲ್ಲಿ ಸೂಜಿ. ಸೂಜಿ ಸರಿಯದ ಹಾಗೆ ಹಿಡಿದುಕೊಂಡು ಡಾಕ್ಟರು ಬಗ್ಗಿ ನಿಂತೇ ಇದ್ದರು. ಹತ್ತು ನಿಮಿಷ ಆಯ್ತು. ಮೇಲಿಂದ "ಅಮ್ಮಾ..." ಅಂತ ಒಂದು ನರಳಾಟ ಕೇಳಿಸಿತು.

ನನ್ನ ಬಾಯಿ ಮುಚ್ಚಿತ್ತು. ಹಾಗಾದರೆ ನರಳಿದ್ದು ಯಾರು?

"ಏನಾಯ್ತು ಡಾಕ್ಟ್ರೇ?"

"ಏನಿಲ್ಲಮ್ಮ. ಹೀಗೆ ಬಗ್ಗಿ ನಿಂತ್ರೆ ನನಗೂ ಸೊಂಟ ಹಿಡ್ಕೊಳ್ಳುತ್ತೆ. ಐದು ವರ್ಷ ಆಯ್ತು."

ನನಗೆ ಪಾಪ ಅನ್ನಿಸಿತು. "ನೀವೂ ಇದನ್ನೇ ಹಾಕಿಸ್ಕೊಳ್ಳಬಹುದಲ್ಲ ಸಾರ್?"

ಕತ್ತಲೆಗೋ ಸುಸ್ತಿಗೋ, ಮನುಷ್ಯ ನಿಜ ಹೇಳಿಬಿಟ್ಟರು. "ಬೆನ್ನಿಗೆ ಸೂಜಿನಾ? ಅಯ್ಯೋ, ಬೇಡಮ್ಮ. ಕೆಂಗೇರಿ ಹತ್ರ ಒಬ್ಬ ಅಜ್ಜ ಇದಾರೆ. ಭಾನುವಾರ ಹೋಗ್ತೀನಿ. ಬಿಸಿ ಎಣ್ಣೆ ಹಚ್ಚಿ ತಿಕ್ತಾರೆ ನೋಡಿ, ಒಂದು ವಾರ ಆರಾಮ್."

ಮೂಲೆಯಲ್ಲಿ ನರ್ಸ್ ಸುಮ್ಮನೆ ಕೆಮ್ಮಿದಳು.

ಬೋರಲು ಮಲಗಿದವರು ಮುಖ ಇಡೋಕೆ ಮೇಜಿನಲ್ಲಿ ಬಿಟ್ಟಿದ್ದ ತೂತಿನೊಳಗಿಂದ ನಾನು ಮೆಲ್ಲಗೆ ಕೇಳಿದೆ: "ಡಾಕ್ಟ್ರೇ, ಆ ಅಜ್ಜನ ಅಡ್ರೆಸ್ ಕೊಡ್ತೀರಾ?"

"ಕೊಡ್ತೀನಿ, ಕೊಡ್ತೀನಿ. ಕರೆಂಟ್ ಬರಲಿ, ಮೊದಲು ಇದೊಂದು ಸುಟ್ಟುಬಿಡ್ತೀನಿ, ಅಲ್ಲಾಡಬೇಡಿ."